ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ತಾಯಿಯವರು ಎಷ್ಟು ಓಡಾಡಬಹುದು, ಮನೆಯವರು ಏನು ಮಾಡಬೇಕು?

ಎಡಸ್ತನದ ಶಸ್ತ್ರಚಿಕಿತ್ಸೆ, ಕಿಮೊ, ರೇಡಿಯೇಶನ್ ಮುಗಿದು ಮೂರು ತಿಂಗಳಾದರೂ ತಾಯಿಯವರ ದಣಿವು ಹೋಗಿಲ್ಲ, ಮನೆಯಲ್ಲಿ ಯಾರೂ ಅವರಿಗೆ ಒಂದು ತಂಬಿಗೆ ಎತ್ತಲೂ ಬಿಡುತ್ತಿಲ್ಲ, ರೊಟ್ಟಿ ಬಡಿಯುತ್ತೇನೆಂದು ಅವರು ಹಟ ಹಿಡಿದಿದ್ದಾರೆ ಎಂದು ಹಾವೇರಿಯಿಂದ ಬರೆದಿದ್ದೀರಿ. ನಾನು ವೈದ್ಯಳಲ್ಲ, ಇದೇ ಚಿಕಿತ್ಸೆಯನ್ನು ಹುಬ್ಬಳ್ಳಿಯಲ್ಲಿ ಪಡೆದು ಈಗ ಧಾರವಾಡದಲ್ಲಿ ಮನೆ, ನೌಕರಿ ಎರಡನ್ನೂ ನಡೆಸುತ್ತಿರುವವಳು. ನನ್ನ ಮಟ್ಟಿಗೆ ಹೇಳುವುದಾದರೆ, ನಿಮ್ಮ ತಾಯಿಯವರ ಪರವಾಗಿಯೇ ಮಾತನಾಡುತ್ತೇನೆ.

ಈ ದಣಿವು ಮಲಗಿದಷ್ಟೂ ಇಳಿಯುವಂಥದಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್ ಸರಿ ಇವೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿ, ಅನಂತರ ನಡಿಗೆ ಆರಂಭಿಸಿ. ವಾರಕ್ಕೆ ಮೂರು ದಿನ, ಸುಮಾರು 30 ನಿಮಿಷ, ಮಾತನಾಡಲು ಸಾಧ್ಯವಾಗುವ ಆದರೆ ಹಾಡಲು ಉಸಿರು ಸಾಲದಷ್ಟು ಚುರುಕಾದ ನಡಿಗೆಯಿಂದ ದಣಿವು ಕಡಿಮೆಯಾಗುತ್ತದೆ ಎಂದು 2019ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಹೇಳಿದೆ. ಮೊದಲ ವಾರ ಹತ್ತು ನಿಮಿಷವಾದರೂ ಸಾಕು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲೇರುವ ಮೊದಲೇ ಮುಗಿಸುವುದು ಒಳ್ಳೆಯದು.

ಕೈಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದಿದ್ದರೆ ಅಥವಾ ಅಲ್ಲಿಗೆ ರೇಡಿಯೇಶನ್ ಕೊಟ್ಟಿದ್ದರೆ ಆ ಕೈಯಲ್ಲಿ ದ್ರವ ನಿಂತು ಬಾವು ಬರಬಹುದು. ಆ ಭಯಕ್ಕೆ ಹಿಂದೆ ಭಾರ ಎತ್ತುವುದನ್ನೇ ನಿಷೇಧಿಸುತ್ತಿದ್ದರು. ಆದರೆ ಬಾವು ಇರುವ ಮಹಿಳೆಯರು ಮಾರ್ಗದರ್ಶನದಲ್ಲಿ ತೂಕವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ವ್ಯಾಯಾಮ ಮಾಡಿದರೆ ಬಾವು ಹೆಚ್ಚುವುದಿಲ್ಲವೆಂದು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಆದ್ದರಿಂದ ರೊಟ್ಟಿಯನ್ನು ಬಿಡಿಸಬೇಡಿ, ಹಂಚಿಕೊಳ್ಳಿ. ಬಿಸಿನೀರಿನಲ್ಲಿ ಹಿಟ್ಟು ನಾದುವುದು ಮತ್ತು ಹಂಚಿನ ಮೇಲೆ ರೊಟ್ಟಿ ತಿರುವುವುದು ನಿಮ್ಮ ಪಾಲಿಗಿರಲಿ, ಏಕೆಂದರೆ ಆ ಕೈಗೆ ಸುಟ್ಟ ಗಾಯವಾದರೆ ಸೋಂಕು ಬೇಗ ಹರಡುತ್ತದೆ. ಬಡಿಯುವ ಕೆಲಸವನ್ನು ಅವರೇ ಮಾಡಲಿ. ಮೊದಲು ಎರಡು ರೊಟ್ಟಿ, ಕೈ ಒಗ್ಗಿದಂತೆ ಹೆಚ್ಚು. ನೀರು ಕುಡಿದ ಕೌದಿಯನ್ನು ಹಿಂಡುವುದು, ತುಂಬಿದ ಕೊಡವನ್ನು ಎತ್ತುವುದು ಮಾತ್ರ ಸದ್ಯಕ್ಕೆ ಬೇಡ. ಗೋಡೆಯ ಮೇಲೆ ಬೆರಳುಗಳನ್ನು ಹಂತಹಂತವಾಗಿ ಮೇಲಕ್ಕೆ ನಡೆಸುವ ವ್ಯಾಯಾಮವನ್ನು ದಿನವೂ ಮಾಡದಿದ್ದರೆ ಭುಜ ಬಿಗಿಯುತ್ತದೆ, ಹೆರಳು ಹಾಕಿಕೊಳ್ಳುವುದೂ ಕಷ್ಟವಾಗುತ್ತದೆ.

ಬಾವು ಮೊದಲು ತಿಳಿಯುವುದು ಬಳೆಯಲ್ಲಿ ಮತ್ತು ಕುಪ್ಪಸದ ತೋಳಿನಲ್ಲಿ. ಒಂದೇ ಕೈಯ ಬಳೆ ಬಿಗಿಯಾದರೆ ಫಿಜಿಯೋಥೆರಪಿಸ್ಟರಿಗೆ ತೋರಿಸಿ. ಅಳತೆ ತೆಗೆದುಕೊಂಡು ಒತ್ತುತೋಳು (ಬಾವು ತಗ್ಗಿಸಲು ಕೈಗೆ ಹಾಕುವ ಬಿಗಿ ತೋಳುಚೀಲ) ಬೇಕೇ ಎಂದು ಅವರು ಹೇಳುತ್ತಾರೆ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಸಂಸ್ಥೆಯ ಫಿಜಿಯೋಥೆರಪಿ ಕಾಲೇಜು ಇದೆ. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಡೆಯುವಾಗ ಎದೆನೋವು ಅಥವಾ ಹಿಂದೆ ಇಲ್ಲದ ಏದುಸಿರು ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ, ಏಕೆಂದರೆ ಕೆಲವು ಕಿಮೊ ಔಷಧಿಗಳು ಹೃದಯವನ್ನು ಬಾಧಿಸುತ್ತವೆ. ಕಿಮೊದಿಂದ ಪಾದ ಜೋಮು ಹಿಡಿದಿದ್ದರೆ ಹೊಲದ ದಾರಿಯಲ್ಲಿ ಬರಿಗಾಲು ಬೇಡ. ಈಸ್ಟ್ರೊಜೆನ್ ಹಾರ್ಮೋನನ್ನು ತಗ್ಗಿಸುವ ಲೆಟ್ರೊಜೋಲ್ ಮಾತ್ರೆ ನಡೆಯುತ್ತಿದ್ದರೆ ಬೆಳಗ್ಗೆ ಕೀಲುಗಳು ಬಿಗಿದಿರಬಹುದು. ಆ ನೋವಿಗೂ ನಡಿಗೆ ಆಗಿಬರುತ್ತದೆ.

ಇನ್ನು ಮನೆಯವರ ಪಾಲು. ಹೆಂಗಸರು ನಡೆಯಲು ಹೋಗದಿರುವುದಕ್ಕೆ ಎಷ್ಟೋ ಸಲ ಕಾಲುಗಳು ಕಾರಣವಲ್ಲ. ಕೂದಲು ಇನ್ನೂ ಗಿಡ್ಡ, ಎದೆ ಒಂದು ಕಡೆ ಸಪಾಟು, ಓಣಿಯಲ್ಲಿ ಎದುರಾದವರೆಲ್ಲ ಲೊಚಗುಟ್ಟುತ್ತಾರೆ. ಗಂಡಸರಿಗೆ ಇದು ಹೊಳೆಯುವುದೇ ಇಲ್ಲ. ಕುಪ್ಪಸದ ಒಳಗೆ ಇಡುವ ಹತ್ತಿಯ ಅಥವಾ ಸಿಲಿಕಾನಿನ ಕೃತಕ ಸ್ತನದ ಬಗ್ಗೆ ಅಕ್ಕತಂಗಿಯರೋ ಸೊಸೆಯೋ ಮೆಲ್ಲಗೆ ಕೇಳಲಿ, ಬೆಳಗ್ಗೆ ಅವರೊಂದಿಗೆ ಒಬ್ಬರು ನಡೆಯಲಿ. ಯಾವ ಕೆಲಸ ತಮಗೆ ಬೇಕು, ಯಾವುದನ್ನು ಬೇರೆಯವರು ಮಾಡಲಿ ಎಂಬುದನ್ನು ಅವರ ಬಾಯಿಂದಲೇ ಕೇಳಿ, ಆ ಪಟ್ಟಿಯನ್ನು ಮುಂದಿನ ತಪಾಸಣೆಗೆ ಒಯ್ದು ವೈದ್ಯರ ಒಪ್ಪಿಗೆ ಪಡೆಯಿರಿ.