ಷಿಕಾಗೋದ ಮ್ಯಾಗ್ನೆಟ್ ಶಾಲೆ: ಮನೆ ಹಿಡಿಯುವ ಮುಂಚೆ

ನಮಸ್ಕಾರ. ನಿಮ್ಮ ಕೆಲಸ ಷಿಕಾಗೋ ಡೌನ್‌ಟೌನ್‌ನಲ್ಲಿ, ಮಗಳಿಗೆ ಮುಂದಿನ ವರ್ಷ ಕಿಂಡರ್‌ಗಾರ್ಟನ್. "ಮ್ಯಾಗ್ನೆಟ್ ಸ್ಕೂಲ್ ಅಂದ್ರೆ ಪ್ರೈವೇಟಾ? ಅಥವಾ ಎಲ್ಲರ ಹಾಗೆ ನೇಪರ್‌ವಿಲ್‌ಗೆ (ಷಿಕಾಗೋ ಹೊರವಲಯದ ಊರು) ಹೋಗೋದೇ ವಾಸಿನಾ?" ಅಂತ ಕೇಳಿದ್ದೀರಿ.

ಪ್ರೈವೇಟ್ ಅಲ್ಲ, ಸರ್ಕಾರಿ ಶಾಲೆಯೇ. ಮಾಮೂಲಿ ಶಾಲೆಗೆ ಮನೆ ವಿಳಾಸ ನೋಡಿ ಸೀಟು. ಮ್ಯಾಗ್ನೆಟ್‌ಗೆ ಊರಿನ ಯಾವ ಮೂಲೆಯಿಂದಲಾದರೂ ಅರ್ಜಿ ಹಾಕಬಹುದು. ಹೀಗೆ ಮಾಡಿದ್ದಕ್ಕೆ ಕಾರಣವಿದೆ. ಇಲ್ಲಿ ಕಪ್ಪು ಜನರ ಬಡಾವಣೆ ಬೇರೆ, ಬಿಳಿಯರ ಬಡಾವಣೆ ಬೇರೆ. 1960ರ ಹೊತ್ತಿಗೆ ಕಪ್ಪು ಮಕ್ಕಳ ಶಾಲೆಗಳು ತುಂಬಿ ತುಳುಕುತ್ತಿದ್ದವು. ಅವರನ್ನು ಬಿಳಿಯರ ಶಾಲೆಗೆ ಕಳಿಸುವ ಬದಲು ಅಂಗಳದಲ್ಲೇ ಟ್ರೇಲರ್ (ಎಳೆದು ತಂದು ನಿಲ್ಲಿಸುವ ಕ್ಲಾಸ್‌ರೂಮ್) ನಿಲ್ಲಿಸಿ ಪಾಠ ಮಾಡಿದರು. 1963ರ ಅಕ್ಟೋಬರ್ 22ರಂದು 2 ಲಕ್ಷಕ್ಕೂ ಹೆಚ್ಚು ಮಕ್ಕಳು ಇದನ್ನು ವಿರೋಧಿಸಿ ಶಾಲೆಗೇ ಹೋಗಲಿಲ್ಲ. 1980ರಲ್ಲಿ, ಎಲ್ಲ ಬಣ್ಣದ ಮಕ್ಕಳನ್ನು ಒಟ್ಟಿಗೆ ಓದಿಸಬೇಕು ಅಂತ, ಊರಿನ ಶಾಲಾ ಆಡಳಿತಕ್ಕೂ ಕೇಂದ್ರ ಸರ್ಕಾರಕ್ಕೂ ಕೋರ್ಟಿನಲ್ಲಿ ಒಪ್ಪಂದವಾಯಿತು. ಒತ್ತಾಯ ಬೇಡ, ವಿಜ್ಞಾನ, ಭಾಷೆ, ಸಂಗೀತ ಅಂತ ಒಳ್ಳೆಯ ಪಾಠ ಇಟ್ಟರೆ ಎಲ್ಲ ಬಣ್ಣದ ಮಕ್ಕಳೂ ತಾವಾಗಿಯೇ ಬರುತ್ತಾರೆ ಅನ್ನೋದು ಮ್ಯಾಗ್ನೆಟ್ ಶಾಲೆಗಳ ಲೆಕ್ಕಾಚಾರ.

ಆ ಒಪ್ಪಂದವನ್ನು 2009ರಲ್ಲಿ ಜಡ್ಜ್ ಮುಗಿಸಿದರು. ಈಗ ಬಣ್ಣ ಕೇಳೋದಿಲ್ಲ, ವಿಳಾಸ ಕೇಳುತ್ತಾರೆ. ನಿಮ್ಮ ಸುತ್ತಮುತ್ತಲಿನ ಮನೆಗಳ ಆದಾಯ, ದೊಡ್ಡವರ ಓದು, ಸ್ವಂತ ಮನೆ ಎಷ್ಟು ಅಂತೆಲ್ಲ ನೋಡಿ ಊರಿನ ಬಡಾವಣೆಗಳನ್ನು 4 ಟಿಯರ್ (ಹಂತ) ಮಾಡಿದ್ದಾರೆ. ರಸ್ತೆ ದಾಟಿದರೆ ಟಿಯರ್ ಬದಲಾಗೋದೂ ಉಂಟು. ಮ್ಯಾಗ್ನೆಟ್‌ಗೆ ಲಾಟರಿ, ನಮ್ಮ ಆರ್‌ಟಿಇ ಸೀಟಿನ ಹಾಗೆ. ಅಣ್ಣ ಅಕ್ಕ ಅಲ್ಲೇ ಓದುತ್ತಿದ್ದರೆ ಮೊದಲ ಅವಕಾಶ, ಹತ್ತಿರದವರಿಗೆ ಒಂದು ಪಾಲು, ಉಳಿದ ಸೀಟು ಟಿಯರ್‌ಗಳಿಗೆ ಹಂಚಿಕೆ. ಪರೀಕ್ಷೆ ಬರೆಸಿ ಸೇರಿಸುವ ಶಾಲೆಗಳೇ ಬೇರೆ. ಮಿಷೆಲ್ ಒಬಾಮ ಓದಿದ ವಿಟ್ನಿ ಯಂಗ್ ಹೈಸ್ಕೂಲಿನ ಹೆಸರಲ್ಲಿ ಮ್ಯಾಗ್ನೆಟ್ ಅಂತಿದ್ದರೂ ಅಲ್ಲಿಗೆ ಪರೀಕ್ಷೆ ಬೇಕು.

ನನ್ನ ಮಗಳ ಕ್ಲಾಸಿನಲ್ಲಿ ಮೆಕ್ಸಿಕನ್ನರ ಪಿಲ್ಸೆನ್, ಚೀನೀಯರ ಚೈನಾಟೌನ್, ಕಪ್ಪು ಜನರ ಬ್ರಾನ್ಜ್‌ವಿಲ್ ಎಲ್ಲ ಬಡಾವಣೆಗಳ ಮಕ್ಕಳಿದ್ದರು. ಒಂದು ಬರ್ತ್‌ಡೇ ಪಾರ್ಟಿಗೆ ಅರ್ಧ ಊರು ಸುತ್ತಬೇಕಿತ್ತು. ಒಂದು ಮನೇಲಿ ತಮಾಲೆ (ಜೋಳದ ಹಿಟ್ಟಿನ ಮೆಕ್ಸಿಕನ್ ಕಡುಬು), ಇನ್ನೊಂದರಲ್ಲಿ ಡಂಪ್ಲಿಂಗ್. ನಮ್ಮನೆಗೆ ಬಂದವರು ಚಿತ್ರಾನ್ನದ ಕಡಲೆಬೀಜ ಹೆಕ್ಕಿ ತಿಂದರು. ಸುಮ್ನೆ ಹೊಗಳ್ತಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ಊಟದ ಟೇಬಲ್‌ಗಳು ಬಣ್ಣಬಣ್ಣಕ್ಕೆ ಬೇರೆಯಾದದ್ದನ್ನೂ ನೋಡಿದ್ದೇನೆ.

ನನಗೆ ಜಾಸ್ತಿ ಬೇಜಾರಿರೋದು ಬಸ್ಸಿನ ವಿಷಯದಲ್ಲಿ. ಡ್ರೈವರ್‌ಗಳಿಲ್ಲ ಅಂತ 2023ರಲ್ಲಿ ಮ್ಯಾಗ್ನೆಟ್ ಶಾಲೆಗಳ ಸಾಮಾನ್ಯ ಮಕ್ಕಳಿಗೆ ಬಸ್ ನಿಲ್ಲಿಸಿದರು. ಐದು ವರ್ಷದ ಮಗು ಒಂಟಿಯಾಗಿ ರೈಲು ಹತ್ತೋಕಾಗುತ್ತಾ? ಬೆಳಗಿನ ಶಿಫ್ಟಿಗೆ ಹೋಗೋ ತಾಯಿ ಹೇಗೆ ಬಿಡ್ತಾಳೆ? ಕೊನೆಗೆ ಸೀಟು ಬಿಡೋರು ಯಾರು ಅಂತ ಯೋಚಿಸಿ. ಕಾರಿರೋ ನಮ್ಮಂಥವರಂತೂ ಅಲ್ಲ.

ನೇಪರ್‌ವಿಲ್ ಶಾಲೆಗಳು ಚೆನ್ನಾಗಿವೆ, ಅದು ನಿಜ. ಆದರೆ ನಮ್ಮವರಲ್ಲಿ ತುಂಬಾ ಜನ ವೆಬ್‌ಸೈಟಿನ ರೇಟಿಂಗ್ ನೋಡಿಯೇ ಊರು ಬಿಡ್ತಾರೆ, ಶಾಲೆಯ ಬಾಗಿಲನ್ನೂ ನೋಡಿರೋದಿಲ್ಲ. ನೀವು ಹಾಗೆ ಮಾಡಬೇಡಿ. ಸೆಪ್ಟೆಂಬರ್ 1ಕ್ಕೆ ಮಗಳಿಗೆ 5 ತುಂಬಿರಬೇಕು, ಅರ್ಜಿ ಹಿಂದಿನ ವರ್ಷವೇ ಗೋಸಿಪಿಎಸ್‌ನಲ್ಲಿ (ಷಿಕಾಗೋ ಸರ್ಕಾರಿ ಶಾಲೆಗಳ ಅರ್ಜಿ ವೆಬ್‌ಸೈಟ್) ಹಾಕಬೇಕು. ಮನೆ ಹಿಡಿಯುವ ಮುಂಚೆ ಆ ವಿಳಾಸಕ್ಕೆ ಸಿಗೋ ಮಾಮೂಲಿ ಶಾಲೆಗೂ ಒಂದು ಬೆಳಿಗ್ಗೆ ಹೋಗಿ ಬನ್ನಿ. ಲಾಟರಿಯಲ್ಲಿ ಹೆಸರು ಬರದಿದ್ದರೆ ಮಗಳು ಹೋಗೋದು ಅಲ್ಲಿಗೇ ಅಲ್ವಾ.