ಕಲ್ಲು ಬಿಟ್ಟುಕೊಡದ ಮೀನು
ನಮಸ್ಕಾರ ಸರ್. ದಾವಣಗೆರೆಯ ನಿಮ್ಮ ನಾಲ್ಕಡಿ ತೊಟ್ಟಿಯಲ್ಲಿ ನೀಲಿ ಎಂಬೂನಾ (ಬಂಡೆ ನಡುವೆ ಬದುಕೋ ಮೀನು) ಗಂಡೊಂದು ಒಂದೇ ಕಲ್ಲು ಹಿಡಿದು ಉಳಿದವನ್ನೆಲ್ಲ ಅಟ್ಟಾಡಿಸ್ತಿದೆ, ಕಾಯಿಲೆನಾ ಅಂತ ಕೇಳಿದ್ರಿ. ಕಾಯಿಲೆ ಅಲ್ಲ, ಹುಟ್ಟುಗುಣ. ಆಫ್ರಿಕಾದ ಮಲಾವಿ ಸರೋವರದ ಬಂಡೆ ದಡದಲ್ಲಿ ಇವುಗಳ ಬದುಕೇ ಹಾಗೆ. ಬಂಡೆ ಮೇಲಿನ ಪಾಚಿ ಮೇವು, ಸಂದಿಯೇ ಮನೆ, ಹೆಣ್ಣನ್ನು ಕರೆಯೋದೂ ಅಲ್ಲಿಗೇ. ಜಾಗ ಹೋದ್ರೆ ಗಂಡಿಗೆ ಎಲ್ಲಾ ಹೋದಂಗೆ. ಹತ್ತಿರ ಕೂತು ನೋಡಿ: ಇನ್ನೊಂದು ಗಂಡು ಬಂದ ಕೂಡಲೇ ರೆಕ್ಕೆ ಅಗಲಿಸಿ, ಮೈ ಅಡ್ಡ ತಿರುಗಿಸಿ ನಡುಗಿಸುತ್ತೆ. ಆಮೇಲೇ ನುಗ್ಗೋದು.

ಈ ಜಗಳ ತಗ್ಗಿಸೋಕೆ ಕಲ್ಲು ಬೇರೆ ಥರ ಜೋಡಿಸಬೇಕು. ನಮ್ಮ ಚಿತ್ರದುರ್ಗದ ಕಡೆ ಕಲ್ಲಿಗೇನೂ ಬರ ಇಲ್ಲ. ಚೆನ್ನಾಗಿ ತೊಳೆದ ಗ್ರಾನೈಟ್ ಸಾಕು. ಮೊದಲು ಕಲ್ಲು ಜೋಡಿಸಿ, ಆಮೇಲೆ ಮರಳು ಹಾಕಿ. ಇವು ಕೆದಕುತ್ತವೆ, ಮರಳ ಮೇಲಿಟ್ಟ ಕಲ್ಲು ಉರುಳಿ ಗಾಜು ಒಡೆದೀತು. ಒಂದರಿಂದ ಇನ್ನೊಂದು ಕಾಣದಂತೆ ಎರಡು ಮೂರು ಗುಡ್ಡೆ ಮಾಡಿ. ಜೋಡಣೆ ಪೂರ್ತಿ ಬದಲಾದ್ರೆ ಆ ಗಂಡಿನ ಹಳೇ ಗಡಿ ಅಳಿಸಿಹೋಗುತ್ತೆ. ಒಂದು ಗಂಡಿಗೆ 3 ಹೆಣ್ಣಾದ್ರೂ ಇರಲಿ. ಗದ್ದ ಉಬ್ಬಿ ಮೇವು ಬಿಟ್ಟ ಹೆಣ್ಣು ಕಂಡ್ರೆ ಗಾಬರಿ ಬೇಡ, ಸುಮಾರು 3 ವಾರ ಬಾಯೊಳಗೇ ಮೊಟ್ಟೆ, ಮರಿ ಸಾಕುತ್ತೆ. ಬೋರ್‌ವೆಲ್ ನೀರಿನ ಗಡಸೂ ಇವಕ್ಕೆ ಹಿತವೇ.

ಮೂಲೆಯಲ್ಲಿ ರೆಕ್ಕೆ ಹರಿದುಕೊಂಡು ನಿಂತಿರೋ ಮೀನಿದ್ರೆ ಮಾತ್ರ ಇವತ್ತೇ ಬೇರೆ ಮಾಡಿ ಸರ್.