ಆ ರ‍್ಯಾಂಕ್‌ನಲ್ಲಿ ಮನೆಯ ಪಾಲೆಷ್ಟು? ಓದುಗರ ಪ್ರಶ್ನೆ, ನಮ್ಮ ಉತ್ತರ

ಸಿಇಟಿ, ನೀಟ್ ಸೀಟು ಹಂಚಿಕೆ ಶುರುವಾದ ಮೇಲೆ ಪ್ರತಿಭೆ, ಮೀಸಲಾತಿ, ಫೀಸು ಅಂತ ಬರುವ ಪತ್ರಗಳು ಜಾಸ್ತಿಯಾಗಿವೆ. ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು, ಅದಕ್ಕೆ ಕಾರಣ ಇದೆ.

ಪ್ರಶ್ನೆ: ನಮ್ಮ ತಾತ ವಾರಾನ್ನ ಉಂಡು, ಬೀದಿದೀಪದ ಕೆಳಗೆ ಓದಿ ಮೇಷ್ಟ್ರಾದವರು. ಆಗ ಅವರಿಗೆ ಯಾವ ಮೀಸಲಾತಿಯೂ ಇರಲಿಲ್ಲ. ಈಗ ನನ್ನ ಮೊಮ್ಮಗ ಪಿಯುಸಿಯಲ್ಲಿ 95 ಪರ್ಸೆಂಟ್ ತೆಗೆದಿದ್ದಾನೆ, ಸಿಇಟಿಯಲ್ಲೂ ಒಳ್ಳೆಯ ರ‍್ಯಾಂಕ್ ಬಂದಿದೆ. ಆದರೂ ಬೇಕೆಂದ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ. ಅವನಿಗಿಂತ ಎಷ್ಟೋ ಹಿಂದಿನ ರ‍್ಯಾಂಕಿನವರಿಗೆ ಸಿಕ್ಕಿತು. ಪ್ರತಿಭೆಗೆ ಬೆಲೆಯೇ ಇಲ್ಲವೇ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ)

ಉತ್ತರ: ಸರ್, ನಿಮ್ಮ ಮೊಮ್ಮಗನ ಬೇಸರ ನಿಜವಾದದ್ದು. ಎರಡು ವರ್ಷ ಹಬ್ಬ, ಮದುವೆ, ಆಟ ಎಲ್ಲ ಬಿಟ್ಟು ಓದಿದ ಹುಡುಗನ ಶ್ರಮವನ್ನು ನಾನು ಕಡಿಮೆ ಮಾಡಿ ಮಾತಾಡುವುದಿಲ್ಲ.

ಆದರೆ ನಿಮ್ಮ ತಾತನ ಕಥೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ವಾರಾನ್ನ ಅಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯವರು ಸೇರಿ ಒಬ್ಬ ಬಡ ಹುಡುಗನಿಗೆ ಊಟ ಹಾಕಿ ಓದಿಸುತ್ತಿದ್ದರು. ಬಹಳ ಒಳ್ಳೆಯ ಏರ್ಪಾಡು ಅದು. ಗುರುತು ಪರಿಚಯ ಇಲ್ಲದ ಊರಿಗೆ ಬಂದ ಹುಡುಗ ಜಗಲಿ ಮೇಲೆ ಕೂತರೆ, ಯಾರ ಮಗ, ಯಾವ ಊರು ಅಂತ ವಿಚಾರಿಸಿ ಒಳಗೆ ಕರೆದು ಎಲೆ ಹಾಕುತ್ತಿದ್ದರು. ಈಗ ಅದೇ ಊರಿನ ಕೇರಿಯ ಹುಡುಗನೊಬ್ಬನನ್ನು ನೆನೆಸಿಕೊಳ್ಳಿ. ಅಷ್ಟೇ ಬಡವ, ಅಷ್ಟೇ ಚುರುಕು. ಅವನು ಆ ಜಗಲಿ ಹತ್ತಬಹುದಿತ್ತೇ? ಆ ಬಾವಿಯ ನೀರು ಕುಡಿಯಬಹುದಿತ್ತೇ? ಎಷ್ಟೋ ಕಡೆ ಶಾಲೆಯ ಒಳಗೇ ಅವನನ್ನು ಬಿಡುತ್ತಿರಲಿಲ್ಲ. ನಿಮ್ಮ ತಾತ ಹಸಿವನ್ನು ಗೆದ್ದು ಮೇಲೆ ಬಂದರು, ಅದು ಅವರ ದೊಡ್ಡತನ. ಕೇರಿಯ ಹುಡುಗನಿಗೆ ಗೆಲ್ಲುವುದಕ್ಕೆ ಒಂದು ಅವಕಾಶವೇ ಬರಲಿಲ್ಲ. ನಿಮ್ಮ ತಾತನ ಬೆನ್ನಿಗೆ ಏಳು ಮನೆ ಇತ್ತು, ಸರ್. ಮೀಸಲಾತಿ ಎಂಬ ಹೆಸರು ಅದಕ್ಕಿರಲಿಲ್ಲ, ಅಷ್ಟೇ.

ಇದನ್ನು ಮೊದಲೇ ಅರ್ಥ ಮಾಡಿಕೊಂಡವರು ನಮ್ಮ ಮೈಸೂರು ಸಂಸ್ಥಾನದವರು. 1917ರಲ್ಲಿ ಬ್ರಾಹ್ಮಣೇತರ ಸಮುದಾಯಗಳ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಸರ್ಕಾರಿ ಹುದ್ದೆಗಳೆಲ್ಲ ಒಂದೇ ಸಮುದಾಯದ ಕೈಯಲ್ಲಿವೆ ಎಂದು ಅವರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಹವಾಲು ಕೊಟ್ಟರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ಮಾಡಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಆ ಸಮಿತಿ ಹೇಳಿತು. 1921ರಲ್ಲಿ ಆದೇಶವೂ ಬಂತು.

ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆ ಇರಲಿಲ್ಲ. ಯೋಗ್ಯತೆ ಬಿಟ್ಟು ಜಾತಿ ನೋಡಿದರೆ ಆಡಳಿತ ಕೆಡುತ್ತದೆ ಎಂಬುದು ಅವರ ನಿಲುವು. ಅವರು ಹುದ್ದೆ ಬಿಟ್ಟು ಹೋದರು. ಅವರು ಸಣ್ಣ ಮನಸ್ಸಿನ ಮನುಷ್ಯರಲ್ಲ. ತಾವೂ ಕಷ್ಟದಲ್ಲೇ, ಮಕ್ಕಳಿಗೆ ಪಾಠ ಹೇಳಿಕೊಂಡು ಓದಿದವರು. ಅವರ ಕಾಲದಲ್ಲೇ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು. ಮೊದಲು ಎಲ್ಲರನ್ನೂ ಓದಿಸೋಣ, ಹುದ್ದೆ ತಾನಾಗಿ ಬರುತ್ತದೆ ಎನ್ನುವ ವಾದಕ್ಕೆ ತೂಕವೂ ಇದೆ. ಆದರೂ ಈ ಒಂದು ವಿಷಯದಲ್ಲಿ ಮಹಾರಾಜರದೇ ಸರಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ತಾಲ್ಲೂಕು ಕಚೇರಿಯಲ್ಲಿ ತಮ್ಮವರ ಮುಖ ಒಂದೂ ಕಾಣದ ರೈತ, ಕುರುಬ, ಬೆಸ್ತ ಯಾವ ಧೈರ್ಯದ ಮೇಲೆ ಮಗನನ್ನು ಹೊಲದಿಂದ ಬಿಡಿಸಿ ಶಾಲೆಗೆ ಕಳಿಸಬೇಕು? ಆದೇಶ ಬಂದ ಮೇಲೆ ಸಂಸ್ಥಾನ ಮುಳುಗಲಿಲ್ಲ. ಮುಂದೆಯೂ ಅದನ್ನು ಮಾದರಿ ಸಂಸ್ಥಾನ ಅಂತಲೇ ಕರೆದರು.

ದಕ್ಷತೆ ಕೆಡುತ್ತದೆ ಎಂಬ ಮಾತು ಈಗಲೂ ಹಾಗೇ ಇದೆ ನೋಡಿ. ಅರ್ಥಶಾಸ್ತ್ರಜ್ಞರಾದ ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್‌ಕಾಫ್ ಭಾರತೀಯ ರೈಲ್ವೆಯ ಹಲವು ವರ್ಷಗಳ ಅಂಕಿಅಂಶ ಹಿಡಿದು ಇದನ್ನೇ ಲೆಕ್ಕ ಹಾಕಿದರು. ಎಸ್‌ಸಿ, ಎಸ್‌ಟಿ ನೌಕರರ ಪಾಲು ಹೆಚ್ಚಾದ ಕಡೆ ಕೆಲಸ ಕೆಟ್ಟದ್ದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ.

ಇನ್ನು ನಿಮ್ಮ ಮೊಮ್ಮಗನ ಸೀಟು. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಸೀಟು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಖಾಸಗಿ ಕಾಲೇಜುಗಳೇ ಸೇರಿ ನಡೆಸುವ ಪರೀಕ್ಷೆಯಾದ ಕಾಮೆಡ್‌ಕೆ ಮತ್ತು ಮ್ಯಾನೇಜ್‌ಮೆಂಟ್ ಪಾಲು. ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಅದೇ ಕ್ಲಾಸಿಗೆ, ಅದೇ ಬೆಂಚಿಗೆ, ನಿಮ್ಮ ಮೊಮ್ಮಗನಿಗಿಂತ ಬಹಳ ಹಿಂದಿರುವವರು ದುಡ್ಡು ಕೊಟ್ಟು ಬಂದು ಕೂರುತ್ತಾರೆ. ನಿಮ್ಮ ಪತ್ರದಲ್ಲಿ ಅವರ ಬಗ್ಗೆ ಒಂದು ಸಾಲೂ ಇಲ್ಲ. ನಿಮ್ಮೊಬ್ಬರ ಪತ್ರ ಅಂತಲ್ಲ, ಈ ವಿಷಯದ ಹೆಚ್ಚಿನ ಪತ್ರಗಳಲ್ಲಿ ಇರುವುದಿಲ್ಲ. ಇದು ನನಗೆ ತುಂಬ ನೋವು ಕೊಡುವ ಸಂಗತಿ. ಬಡ ಹುಡುಗಿಗೆ ಸಿಕ್ಕ ಸೀಟು ಮಾತ್ರ ನಮಗೆ ಕಳವಾದ ಸೀಟಿನ ಹಾಗೆ ಏಕೆ ಕಾಣಬೇಕು?

ಮೊಮ್ಮಗನಿಗೆ ನನ್ನ ಕಡೆಯಿಂದ ಹೇಳಿ, ಬೇರೆ ಕಾಲೇಜಿನಲ್ಲಿ ಅಥವಾ ಬೇರೆ ಬ್ರಾಂಚಿನಲ್ಲಿ ಅವನ ಬುದ್ಧಿ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ನೀಟ್ ಬಂದ ಮೇಲೆ ಡೊನೇಷನ್ ಕಾಲ ಮುಗಿಯಿತು, ಈಗ ಮೆಡಿಕಲ್ ಸೀಟಿಗೆ ಪ್ರತಿಭೆ ಒಂದೇ ದಾರಿ ಅಲ್ವಾ?
(ಪಿಯುಸಿ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಅರ್ಧ ಸರಿ. ಡೊನೇಷನ್ ಹಾವಳಿ ಎಷ್ಟಿತ್ತು ಅಂದರೆ, ಕರ್ನಾಟಕದ ಒಂದು ಖಾಸಗಿ ಮೆಡಿಕಲ್ ಕಾಲೇಜು ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ತಗೊಂಡರೆ, ಹೊರರಾಜ್ಯದ ವಿದ್ಯಾರ್ಥಿನಿಗೆ 60,000 ಕೇಳಿತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಮೋಹಿನಿ ಜೈನ್ ಪ್ರಕರಣ ಅಂತ ಪ್ರಸಿದ್ಧ. ಕ್ಯಾಪಿಟೇಷನ್ ಶುಲ್ಕ ಕಾನೂನಿಗೆ ವಿರುದ್ಧ ಎಂದು 1992ರಲ್ಲಿ ತೀರ್ಪು ಬಂತು. ಮರುವರ್ಷ ಖಾಸಗಿ ಕಾಲೇಜುಗಳ ಸೀಟು ಹಂಚಿಕೆಗೆ ನಿಯಮ ಹಾಕಿದ ಉನ್ನಿಕೃಷ್ಣನ್ ತೀರ್ಪು, 1994ರಲ್ಲಿ ನಮ್ಮ ಸಿಇಟಿ. ಬಡ ಮಕ್ಕಳಿಗೆ ಸಿಇಟಿ ನಿಜವಾಗಿ ಬಾಗಿಲು ತೆರೆಯಿತು, ಅದನ್ನು ಮರೆಯಬಾರದು.

ಈಗಿನ ಲೆಕ್ಕ ನೋಡು. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ಅರ್ಹರಾದವರು ಸುಮಾರು 13 ಲಕ್ಷ, ಎಂಬಿಬಿಎಸ್ ಸೀಟು ಒಂದು ಲಕ್ಷಕ್ಕಿಂತ ತುಸು ಜಾಸ್ತಿ. ಅದರಲ್ಲಿ ಅರ್ಧದ ಹತ್ತಿರ ಖಾಸಗಿ. ಸರ್ಕಾರಿ ಫೀಸಿನ ಸೀಟು ಮೇಲಿನ ರ‍್ಯಾಂಕಿಗೆ ಮುಗಿಯುತ್ತದೆ. ಆಮೇಲೆ ಮ್ಯಾನೇಜ್‌ಮೆಂಟ್, ಎನ್‌ಆರ್‌ಐ ಕೋಟಾದಲ್ಲಿ ನಾಲ್ಕು ಲಕ್ಷದ ರ‍್ಯಾಂಕಿನ ಬಡವ ಕೈಬಿಟ್ಟ ಸೀಟು, ಅವನಿಗಿಂತ ಎಷ್ಟೋ ಹಿಂದಿರುವ ಸಿರಿವಂತನ ಮಗನಿಗೆ ಹೋಗಬಹುದು. ಇಬ್ಬರೂ 'ನೀಟ್ ಪಾಸ್'. ಪಿಜಿ ಸೀಟುಗಳು ಖಾಲಿ ಉಳಿದಾಗ 2023ರಲ್ಲಿ ಕೇಂದ್ರ ಸರ್ಕಾರ ಕಟ್‌ಆಫನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿತು, ಎಲ್ಲ ವರ್ಗಕ್ಕೂ. ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು. ಇದಕ್ಕೆ ಬಂದ ವಿರೋಧವನ್ನು ಮೀಸಲಾತಿಗೆ ಬರುವ ವಿರೋಧದ ಪಕ್ಕ ಇಟ್ಟು ನೋಡು, ನಿನಗೇ ತಿಳಿಯುತ್ತದೆ.

ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಮೆಡಿಕಲ್‌ನಲ್ಲಿ ಶೇ 7.5 ಸೀಟು ಮೀಸಲಿಟ್ಟಿತು. ನಮ್ಮಲ್ಲೂ ಇದು ಬರಬೇಕು. ಕೋಚಿಂಗ್‌ಗೆ ಲಕ್ಷಗಟ್ಟಲೆ ಸುರಿಯಲಾಗದ ಮನೆಯ ಮಕ್ಕಳಿಗೆ ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಪ್ರಶ್ನೆ: ನಾನು ಯಾದಗಿರಿ ಕಡೆಯ ಹುಡುಗಿ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಬಂದ ವಾರದಿಂದ ಎಲ್ಲರೂ 'ನಿನ್ನ ರ‍್ಯಾಂಕ್ ಎಷ್ಟು?' ಅಂತ ಕೇಳುತ್ತಾರೆ. ಹೇಳಿದ ಮೇಲೆ ಅವರ ಮುಖ ಬದಲಾಗುತ್ತದೆ. ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತಿಲ್ಲ. ನಾನು ಇಲ್ಲಿಗೆ ಸೇರಿದವಳೇ ಅಲ್ಲವೇನೋ ಅನ್ನಿಸುತ್ತದೆ.
(ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ತಂಗಿ, ನಿನ್ನ ಪತ್ರ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಉತ್ತರ ಪ್ರದೇಶದ ಹಳ್ಳಿ ಮಕ್ಕಳ ಜೊತೆ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕರು ಮಾಡಿದ ಒಂದು ಪ್ರಯೋಗ ನಿನಗೆ ಗೊತ್ತಿರಬೇಕು. ಆರು, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಆಟ ಕೊಟ್ಟರು. ಜಾತಿ ಹೇಳದೆ ಆಡಿಸಿದಾಗ ಎಲ್ಲರೂ ಹೆಚ್ಚುಕಡಿಮೆ ಒಂದೇ ಸಮ ಆಡಿದರು. ಎಲ್ಲರ ಮುಂದೆ ಹೆಸರು, ಜಾತಿ ಕೂಗಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಬಿಡಿಸಿದ ಆಟಗಳ ಸಂಖ್ಯೆ ಇಳಿದುಬಿಟ್ಟಿತು. ಅದೇ ಮಕ್ಕಳು, ಅದೇ ಆಟ. ನಿನ್ನ ಸುತ್ತ ರ‍್ಯಾಂಕ್ ಕೇಳುವವರು ಮಾಡುತ್ತಿರುವುದೂ ಇದನ್ನೇ, ಗೊತ್ತಿದ್ದೋ ಗೊತ್ತಿಲ್ಲದೆಯೋ. ತಲೆಗೆ ಹತ್ತದೇ ಇರುವುದಕ್ಕೆ ನಿನ್ನ ತಲೆ ಕಾರಣ ಅಂತ ದಯವಿಟ್ಟು ಅಂದುಕೊಳ್ಳಬೇಡ.

ನೀನು ಬಂದ ಜಾಗದ ಲೆಕ್ಕವೂ ಇರಲಿ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಬರೆಯಿತು. ನಿನ್ನ ಕಲ್ಯಾಣ ಕರ್ನಾಟಕ ಈ ಲೆಕ್ಕದಲ್ಲಿ ತೀರಾ ಕೆಳಗಿತ್ತು. ಅಲ್ಲಿನವರು ವರ್ಷಗಟ್ಟಲೆ ಹೋರಾಡಿದ್ದಕ್ಕೆ ಸಂವಿಧಾನದ 371ಜೆ ವಿಧಿ ಬಂತು. ಅಲ್ಲಿನ ಮಕ್ಕಳಿಗೆ ತಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು. ಮೇಷ್ಟ್ರೇ ಇಲ್ಲದ ಶಾಲೆಯಲ್ಲಿ ಓದಿ ಬಂದ ಅಂಕ, ನಗರದಲ್ಲಿ ಟ್ಯೂಷನ್ ಮೇಲೆ ಟ್ಯೂಷನ್ ಇಟ್ಟುಕೊಂಡು ಬಂದ ಅಂಕ, ಎರಡೂ ಹಾಳೆ ಮೇಲೆ ಒಂದೇ ಥರ ಕಾಣುತ್ತವೆ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನಮ್ಮ ಕೊಡಗಿನ ನ್ಯಾಯಮೂರ್ತಿ ಬೋಪಣ್ಣ ಅವರ ಪೀಠ, ನೀಟ್‌ನ ಒಬಿಸಿ ಮೀಸಲಾತಿ ಎತ್ತಿಹಿಡಿದಾಗ ಹೇಳಿದ್ದೂ ಇದನ್ನೇ: ಕೆಲವರಿಗೆ ಹುಟ್ಟಿನಿಂದ ಸಿಕ್ಕ ಅನುಕೂಲವನ್ನು ಪರೀಕ್ಷೆಯ ಅಂಕ ತೋರಿಸುವುದಿಲ್ಲ.

ರ‍್ಯಾಂಕ್ ಹೇಳುವುದು, ಬಿಡುವುದು ನಿನ್ನಿಷ್ಟ. ಕೇಳಿದವರಿಗೆಲ್ಲ ಲೆಕ್ಕ ಒಪ್ಪಿಸಬೇಕಾಗಿಲ್ಲ. ಮೀಸಲಾತಿ ಇರುವುದು ಸೀಟಿಗೆ, ಡಿಗ್ರಿಗೆ ಅಲ್ಲ. ಮೊದಲ ಸೆಮಿಸ್ಟರ್‌ನಿಂದ ಕೊನೆಯವರೆಗೂ ನಿನಗೂ ಅವರಿಗೂ ಅದೇ ಪ್ರಶ್ನೆಪತ್ರಿಕೆ, ಅದೇ ಪಾಸ್ ಮಾರ್ಕು. ಗಣಿತ, ಮೆಕ್ಯಾನಿಕ್ಸ್ ಕನ್ನಡದಲ್ಲಿ ಅರ್ಥವಾದರೆ ಮೊದಲು ಕನ್ನಡದಲ್ಲೇ ಅರ್ಥ ಮಾಡಿಕೋ, ಇಂಗ್ಲಿಷಿನಲ್ಲಿ ಬರೆಯುವುದು ಆಮೇಲೆ ಕೈಗೆ ಹತ್ತುತ್ತದೆ. ನಿನ್ನ ಭಾಗದ ಸೀನಿಯರ್‌ಗಳನ್ನು ಹುಡುಕು, ಖಂಡಿತ ಇರುತ್ತಾರೆ. ಒಂದೆರಡು ಪೇಪರ್ ಉಳಿದರೂ ಊರಿಗೆ ವಾಪಸ್ ಹೋಗುವ ಯೋಚನೆ ಮಾಡಬೇಡ. ಯಾರಾದರೂ ಜಾತಿ ಎತ್ತಿ ಹೀಯಾಳಿಸಿದರೆ ನುಂಗಿಕೊಳ್ಳಬೇಡ, ನಂಬಿಕೆಯ ಮೇಡಂ ಒಬ್ಬರಿಗೆ ಹೇಳಿ, ಅವರ ಜೊತೆ ಹೋಗಿ ಬರವಣಿಗೆಯಲ್ಲಿ ದೂರು ಕೊಡು.

ಪ್ರಶ್ನೆ: ಖಾಸಗಿ ಕಂಪನಿಗಳಲ್ಲಿ ಮೀಸಲಾತಿ ಇಲ್ಲ. ಅಲ್ಲಾದರೂ ಶುದ್ಧ ಪ್ರತಿಭೆಗೆ ಕೆಲಸ ಸಿಗುತ್ತದಲ್ಲ?
(ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು)

ಉತ್ತರ: ಸಿಗುವುದೂ ಇದೆ, ಇಲ್ಲ ಅನ್ನಲಾರೆ. ಆದರೆ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಪತ್ರಿಕೆ ಜಾಹೀರಾತು ನೋಡಿ ಖಾಸಗಿ ಕಂಪನಿಗಳಿಗೆ ಒಂದೇ ಥರದ ಓದು, ಅನುಭವ ಇರುವ ಅರ್ಜಿ ಹಾಕಿದರು. ಬದಲಾಗಿದ್ದು ಹೆಸರು ಮಾತ್ರ. ದಲಿತ ಹೆಸರಿನ, ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಕರೆ ಕಡಿಮೆ ಬಂತು. ಇನ್ನು ರೆಫರಲ್. ನಿಮ್ಮ ಟೀಮಿನಲ್ಲಿ ರೆಫರಲ್ ಮೇಲೆ ಬಂದವರು ಯಾರು ಯಾರ ಸ್ನೇಹಿತರು, ಸಂಬಂಧಿಕರು ಅಂತ ಒಮ್ಮೆ ಯೋಚಿಸಿ. ಪರಿಚಯದವರೇ ಇಲ್ಲದ ಮನೆಯ ಹುಡುಗನಿಗೆ ರೆಫರ್ ಮಾಡುವವರು ಯಾರು? ನಿಮಗೆ ಸಾಧ್ಯವಾದರೆ ಮುಂದಿನ ಸಲ ಸರ್ಕಾರಿ ಕಾಲೇಜಿನ ಒಬ್ಬರ ಹೆಸರು ಕೊಡಿ.

ಪ್ರಶ್ನೆ: ಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ ನಾನು. 'ಕಷ್ಟಪಟ್ಟು ಓದಿದರೆ ಏನು ಬೇಕಾದರೂ ಆಗಬಹುದು' ಅಂತ ಮಕ್ಕಳಿಗೆ ಹೇಳುವಾಗ ಈಚೆಗೆ ಮನಸ್ಸು ಅಳುಕುತ್ತದೆ. ಏನು ಹೇಳಲಿ?
(ಶಿಕ್ಷಕಿ, ಹಾವೇರಿ ಜಿಲ್ಲೆ)

ಉತ್ತರ: ಓದಿ ಅಂತಲೇ ಹೇಳಿ ಮೇಡಂ. ಅದನ್ನು ಬಿಟ್ಟರೆ ನಮ್ಮ ಮಕ್ಕಳ ಕೈಯಲ್ಲಿ ಬೇರೇನಿದೆ? 'ಸೀಟು ಸಿಗದಿದ್ದರೆ ನೀನು ಓದಿದ್ದು ಸಾಲದು' ಅನ್ನುವ ಮಾತು ಮಾತ್ರ ಬೇಡ. ಫೇಲಾದ ಮಗು ತಪ್ಪೆಲ್ಲ ತನ್ನದೇ ಅಂದುಕೊಂಡು ಕುಗ್ಗಿಹೋಗುವುದನ್ನು ನೀವು ನನಗಿಂತ ಹೆಚ್ಚು ನೋಡಿರುತ್ತೀರಿ.

ಅದರ ಜೊತೆ ಹತ್ತನೇ ತರಗತಿಯ ಅಪ್ಪ ಅಮ್ಮಂದಿರ ಒಂದು ಸಭೆ ಕರೆಯಿರಿ, ಈ ವರ್ಷವೇ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ ಮಕ್ಕಳಿಗೆ ಸಿಇಟಿಯಲ್ಲಿ ಶೇ 15 ಗ್ರಾಮೀಣ ಮೀಸಲಾತಿ ಇದೆ, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಇದೆ. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇರುವುದಿಲ್ಲ, ಗೊತ್ತಾಗುವಷ್ಟರಲ್ಲಿ ದಾಖಲೆ ಪರಿಶೀಲನೆ ಮುಗಿದಿರುತ್ತದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ನಿಮ್ಮ ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಬೇಕಾಗುತ್ತದೆ. ಪ್ರಾಥಮಿಕ ಶಾಲೆ ಬೇರೆ ಊರಿನದಾದರೆ ಅಲ್ಲಿಂದಲೂ ತರಬೇಕು. ಜಾತಿ, ಆದಾಯ ಪತ್ರಕ್ಕೆ ನಾಡಕಚೇರಿಗೆ ಈಗಲೇ ಅರ್ಜಿ ಹಾಕಿಸಿ, ಆ ಪತ್ರದ ಮೇಲಿನ ಆರ್‌ಡಿ ನಂಬರ್ ಜೋಪಾನವಾಗಿ ಬರೆದಿಡಲು ಹೇಳಿ. ಪತ್ರದಲ್ಲಿರುವ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ಈಗಲೇ ಸರಿಮಾಡಿಸಲಿ. ಎಂಜಿನಿಯರಿಂಗ್‌ನಲ್ಲಿ ಬಡ ಕುಟುಂಬದವರಿಗೆ ಎಸ್‌ಎನ್‌ಕ್ಯೂ ಅಂತ ಬೋಧನಾ ಶುಲ್ಕ ಇಲ್ಲದ ಹೆಚ್ಚುವರಿ ಸೀಟುಗಳಿವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ ಇದೆ. ನಿಯಮಗಳು ವರ್ಷವರ್ಷ ಸ್ವಲ್ಪ ಬದಲಾಗುತ್ತವೆ, ಆದ್ದರಿಂದ ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನ ಕೈಪಿಡಿಯನ್ನು ಮುದ್ರಿಸಿ ಶಾಲೆಯ ನೋಟಿಸ್ ಬೋರ್ಡಿಗೆ ಹಾಕಿ. ಓದಲು ಬಾರದ ತಾಯಂದಿರಿಗೆ ಯಾರಾದರೂ ಓದಿ ಹೇಳಲಿ.